ಭೂಗೋಳದ ಸರ್ ಹಾಕಿದ ಐದು ಅರ್ಜಿ

ಹಳ್ಳಿ ಕಡೆಯ ಕಾಲೇಜಿನವರು ಹೊರದೇಶದ ಸಂಶೋಧನಾ ಧನಸಹಾಯಕ್ಕೆ ಅರ್ಜಿ ಹಾಕತೊಡಗಿದರೆ ನಗುವಂಥದ್ದು ಒಂದಿಲ್ಲೊಂದು ನಡೆದೇ ನಡೆಯುತ್ತದೆ. ಅವರ ಫಾರ್ಮು ಅವರ ಮೈ ಅಳತೆಗೆ ಹೊಲಿದ ಅಂಗಿ. ನಾವು ತೊಟ್ಟರೆ ಒಂದು ತೋಳು ಉದ್ದ, ಒಂದು ತೋಳು ಗಿಡ್ಡ. ನಾನು ಅಣ್ಣಿಗೇರಿ ಕಡೆಯ ಒಂದು ಸಣ್ಣ ಡಿಗ್ರಿ ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸುತ್ತೇನೆ. ನನಗಾಗಿ ಒಂದೂ ಅರ್ಜಿ ಹಾಕಿದವನಲ್ಲ. ಹಾಕಿದವರು ನಮ್ಮ ಭೂಗೋಳದ ಸರ್. ಐದು ವರ್ಷ, ಐದು ಅರ್ಜಿ. ವಿಷಯ ಅವರದು, ಇಂಗ್ಲಿಷು ನನ್ನದು.

ಸರ್ ಈಗ ಇಲ್ಲ. ಅದನ್ನು ಮೊದಲೇ ಹೇಳಿಬಿಡುತ್ತೇನೆ, ನಡುವೆ ಹೇಳುವುದು ನನ್ನಿಂದಾಗುವುದಿಲ್ಲ. ಸ್ಟಾಫ್ ರೂಮಿನಲ್ಲಿ ಈ ಪ್ರಸಂಗಗಳನ್ನು ಹೇಳಲು ಶುರು ಮಾಡಿದರೆ ಎಲ್ಲರೂ ನಗುತ್ತಾರೆ, ನಾನೂ ನಗುತ್ತೇನೆ. ಆಮೇಲೆ ಯಾರಾದರೊಬ್ಬರು ಎದ್ದು ಹೋಗಿ ಕಿಟಕಿ ಹತ್ತಿರ ನಿಲ್ಲುತ್ತಾರೆ.

ಅವರಿಗೆ ಬೇಕಾಗಿದ್ದದ್ದು ಇಷ್ಟೇ. ನಮ್ಮ ಕರಿಮಣ್ಣಿನ ಊರುಗಳಲ್ಲಿ ಹಿಂದೆ ಜೋಳವನ್ನು ನೆಲದೊಳಗೆ ಇಡುತ್ತಿದ್ದರು. ಮನೆಯ ಮುಂದೆ, ಓಣಿಯ ನಡುವೆ, ಬಾಯಿ ಸಣ್ಣ ಹೊಟ್ಟೆ ದೊಡ್ಡದು ಎಂಬಂತೆ ತೋಡಿದ ಗುಂಡಿ. ಒಳಗೆ ಹುಲ್ಲು ಒತ್ತಿ, ಜೋಳ ತುಂಬಿ, ಮೇಲೆ ಕಲ್ಲು ಮುಚ್ಚಿ ಮಣ್ಣು ಮೆತ್ತುವುದು. ಅದಕ್ಕೆ ಹಗೇವು ಅನ್ನುತ್ತೇವೆ. ಅದರಲ್ಲಿ ವರ್ಷಗಟ್ಟಲೆ ಕಾಳು ಕೆಡುತ್ತಿರಲಿಲ್ಲ. ಕಾಲುವೆ ನೀರು ಬಂದ ಮೇಲೆ ನೆಲ ತಂಪು ಹಿಡಿಯಿತು, ಹಗೇವುಗಳು ಒಳಗೊಳಗೇ ಒದ್ದೆಯಾದವು, ಜನ ಮಣ್ಣು ತುಂಬಿ ಅದರ ಮೇಲೆ ಟ್ರ್ಯಾಕ್ಟರ್ ನಿಲ್ಲಿಸಿದರು. ಯಾವ ಊರಲ್ಲಿ ಎಲ್ಲೆಲ್ಲಿ ಹಗೇವು ಇದ್ದವು, ಅಲ್ಲಿಯ ನೆಲ ಎಂಥದು, ನೀರು ಎಲ್ಲಿಯವರೆಗೆ ಏರಿದೆ, ಇದನ್ನೆಲ್ಲ ಬಲ್ಲ ಮುದುಕರು ಬದುಕಿರುವಾಗಲೇ ನಕ್ಷೆ ಮಾಡಿಬಿಡಬೇಕು ಎಂಬುದು ಸರ್ ಹಟ. ಅದಕ್ಕೆ ಬೇಕಾದ ಯಂತ್ರ, ತಿರುಗಾಟ, ಆರು ತಿಂಗಳು ಹೊರಗೆ ಹೋಗಿ ಕಲಿತು ಬರುವುದು, ಯಾವುದೂ ನಮ್ಮ ಕಾಲೇಜಿನಿಂದ ಆಗುವ ಮಾತಲ್ಲ. ಮೊದಲ ಅರ್ಜಿ ಹಾಕಿದ ವರ್ಷವೇ ಅವರ ಕಿಡ್ನಿಯ ಸುದ್ದಿಯೂ ಬಂತು. ಅಲ್ಲಿಂದ ಮುಂದೆ ಮುದುಕರು ಮೊದಲೋ ಸರ್ ಮೊದಲೋ ಎಂಬಂತಾಯಿತು.

೧. ಗುಟ್ಟಿನ ಪತ್ರ

ಮೊದಲ ಅರ್ಜಿಗೆ ಪ್ರಿನ್ಸಿಪಾಲರ ಶಿಫಾರಸು ಪತ್ರ ಬೇಕಿತ್ತು. ಅದನ್ನು ಗುಟ್ಟಾಗಿ ಬರೆದು, ಅರ್ಜಿದಾರನಿಗೆ ತೋರಿಸದೆ ನೇರ ಕಳಿಸಬೇಕು ಎಂದು ನಿಯಮ. ಪ್ರಿನ್ಸಿಪಾಲರು ಓದಿ ಕನ್ನಡಕ ತೆಗೆದರು.

"ಒಬ್ಬ ಮನಷ್ಯಾನ ಬಗ್ಗೆ ಛಲೋ ಮಾತು ಕದ್ದು ಹೇಳೂದೇನ್ರಿ? ಹತ್ತು ಮಂದಿ ಮುಂದ ಹೇಳಬೇಕು."

ಹೀಗಾಗಿ ಗುಟ್ಟಿನ ಪತ್ರವನ್ನು ಸ್ಟಾಫ್ ರೂಮಿನಲ್ಲಿ ಎಲ್ಲರನ್ನೂ ಕೂಡಿಸಿ, ಚಹಾ ತರಿಸಿ, ಸರ್ ಅವರನ್ನು ಎದುರಿಗೇ ಕೂಡ್ರಿಸಿಕೊಂಡು ನನ್ನಿಂದ ಬರೆಸಿದರು. ವಿಭಾಗದ ಉಳಿದವರ ಜೊತೆ ಹೋಲಿಸಿದರೆ ಅರ್ಜಿದಾರರು ಹೇಗೆ ಎಂದು ಒಂದು ಪ್ರಶ್ನೆ. ಭೂಗೋಳ ವಿಭಾಗದಲ್ಲಿ ಇದ್ದವರು ಸರ್ ಒಬ್ಬರೇ.

"ಎಲ್ಲಾರಕಿಂತ ಮುಂದ ಅದಾರ ಅಂತ ಬರೀರಿ," ಅಂದರು ಪ್ರಿನ್ಸಿಪಾಲರು.

"ಎಲ್ಲಾರಕಿಂತ ಹಿಂದನೂ ನಾನ ಅದೀನ್ರಿ," ಅಂದರು ಸರ್.

ಮುಂದಿನ ಪ್ರಶ್ನೆಗೆ ಎಲ್ಲರ ಚಹಾ ಆರಿತು. ಅರ್ಜಿದಾರರ ದೌರ್ಬಲ್ಯಗಳನ್ನು ಬರೆಯಿರಿ, ಖಾಲಿ ಬಿಡುವಂತಿಲ್ಲ. ಪ್ರಿನ್ಸಿಪಾಲರು ಒಪ್ಪಲಿಲ್ಲ. ಜೊತೆಗೆ ಉಂಡವರ ಹುಳುಕು ಪರದೇಶದವರಿಗೆ ಬರೆದು ಕಳಿಸುವುದು ಎಂಥ ಸಂಸ್ಕಾರ ಅಂತ ಅವರ ವಾದ. ಏನೂ ಇಲ್ಲ ಎಂದು ಬರೆದರೆ ಕಂಪ್ಯೂಟರ್ ಮುಂದೆ ಹೋಗುತ್ತಿರಲಿಲ್ಲ. ಇತಿಹಾಸದವರು ಸರ್ ಅಕ್ಷರ ಚೆನ್ನಾಗಿಲ್ಲ ಅಂದರು. ಗ್ರಂಥಪಾಲಕರು ಪುಸ್ತಕ ತಡವಾಗಿ ವಾಪಸ್ ಕೊಡುತ್ತಾರೆ ಅಂದರು. ಕೊನೆಗೆ ಪ್ರಿನ್ಸಿಪಾಲರು ಬಹಳ ನೊಂದುಕೊಂಡು, ಯಾರ ಮನಸ್ಸಿಗೂ ನೋವಾಗದ ಒಂದು ಮಾತು ಹುಡುಕಿದರು: "ಚಹಾ ಸ್ವಲ್ಪ ಜಾಸ್ತಿ ಕುಡಿಯುತ್ತಾರೆ." ನಾನು ಅದನ್ನೇ ಒಳ್ಳೆ ಇಂಗ್ಲಿಷಿನಲ್ಲಿ ಬರೆದೆ.

ಅರ್ಜಿ ಹೋಯಿತು, ಬೇಗನೆ ತಿರಸ್ಕಾರವೂ ಬಂತು. ಅದೇ ತಿಂಗಳು ಸರ್ ಕಾಲು ಬಾತು ಹುಬ್ಬಳ್ಳಿಗೆ ತೋರಿಸಲು ಹೋದರು. ಡಾಕ್ಟರು ಕಿಡ್ನಿ ಸೋಲುತ್ತಿವೆ ಅಂದರು. ನೀರು ಅಳೆದು ಕುಡಿಯಬೇಕು, ಚಹಾ ಬಂದ್. ಸುದ್ದಿ ಕೇಳಿ ಪ್ರಿನ್ಸಿಪಾಲರು ಮೂರು ದಿನ ಸರ್ ಎದುರು ಬರಲಿಲ್ಲ. ನಾಲ್ಕನೇ ದಿನ ನನ್ನನ್ನು ಕೋಣೆಗೆ ಕರೆದು ಬಾಗಿಲು ಹಾಕಿದರು.

"ನಾ ಆ ಚಹಾದ ಮಾತು ಬರಸಬಾರದಾಗಿತ್ರಿ. ನನ್ನ ಬಾಯಿಂದ ಬಂತು, ಆಗೇಬಿಡ್ತು. ಈಗ ಆ ಪತ್ರ ವಾಪಸ್ ತರಸಾಕ ಬರ್ತದೇನು ನೋಡ್ರಿ."

೨. ಹೆಸರಿಲ್ಲದ ಮುತ್ಯಾ

ಪಕ್ಕದ ಶಲವಡಿಯಲ್ಲಿ ಒಬ್ಬ ಅಜ್ಜ ಇದ್ದಾನೆ, ಎಲ್ಲರ ಬಾಯಲ್ಲೂ ಮುತ್ಯಾ. ಹಗೇವಿನ ಬಾಯಿ ತೆರೆದು ಎಷ್ಟು ಹೊತ್ತು ಬಿಡಬೇಕು, ಒಳಗಿನ ಕೆಟ್ಟ ಗಾಳಿ ಯಾವಾಗ ಹೋಗುತ್ತದೆ, ಹಗ್ಗ ಕಟ್ಟಿಕೊಂಡು ಇಳಿದವನ ಉಸಿರು ಹೇಗೆ ಕೇಳಿಸಬೇಕು, ಎಲ್ಲ ಬಲ್ಲವನು. ಪ್ರಾಯದಲ್ಲಿ ಸುತ್ತಲಿನ ಊರಿನವರೆಲ್ಲ ಹಗೇವು ತೆಗೆಯಲು ಅವನನ್ನೇ ಕರೆಯುತ್ತಿದ್ದರು. ಎರಡನೇ ಅರ್ಜಿಗೆ ಅವನ ಒಪ್ಪಿಗೆ ಪತ್ರ ಬೇಕಾಯಿತು.

ಅವನ ಕಟ್ಟೆಯ ಮೇಲೆ ಕೂತು ನಾನು ಒಂದೊಂದೇ ಸಾಲು ಕನ್ನಡ ಮಾಡಿ ಹೇಳಿದೆ. ನಿಮಗೆ ಇಷ್ಟವಿಲ್ಲದಿದ್ದರೆ ಯಾವಾಗ ಬೇಕಾದರೂ ಮಾತು ನಿಲ್ಲಿಸಬಹುದು. ಮುತ್ಯಾ ತಲೆ ಆಡಿಸಿದ. ಯಾಕೆ ಎಂದು ಕಾರಣ ಹೇಳಬೇಕಾಗಿಲ್ಲ. ಅದಕ್ಕೂ ಆಡಿಸಿದ. ನಿಮ್ಮ ಹೆಸರನ್ನು ಎಲ್ಲಿಯೂ ಹೇಳುವುದಿಲ್ಲ. ತಲೆ ನಿಂತಿತು.

"ಯಾಕ್ರಿ? ನಾ ಏನು ಕಳುವು ಮಾಡೇನಿ?"

ಸರ್ ಅವನ ಬಾಜು ಸರಿದು ಕೂತರು. "ಹಂಗಲ್ಲ ಮುತ್ಯಾ, ನಿನಗ ತ್ರಾಸ ಆಗಬಾರದಂತ ಅವರ ಕಾಯ್ದೆ."

"ಹಗೇದಾಗ ಇಳದು ಅರ್ಧ ಆಯುಷ್ಯ ಕಳದೇನಿ. ಎರಡು ಸಲ ಸತ್ತು ಬದುಕೇನಿ. ಅದನ್ನ ಬರಕೊಂಡು ಹೋಗಿ 'ಯಾವನೋ ಒಬ್ಬ ಹೇಳಿದ' ಅಂತ ಬರೀತೀರಿ? ನನ್ನ ಹೆಸರು, ನಮ್ಮಪ್ಪನ ಹೆಸರು, ಊರ ಹೆಸರು ಹಾಕ್ರಿ. ಇಲ್ಲಾಂದ್ರ ಏಳ್ರಿ."

ಅವನು ಹೇಳಿದ್ದರಲ್ಲಿ ತಪ್ಪೇನಿದೆ ಎಂದು ನನಗೆ ಇಂದಿಗೂ ಗೊತ್ತಾಗಿಲ್ಲ. ಸರ್ ಅವನ ಹೆಸರು, ಅವನ ಅಪ್ಪನ ಹೆಸರು, ಅಪ್ಪನ ಅಪ್ಪನ ಹೆಸರು ಬರೆದು ಅರ್ಜಿ ಕಳಿಸಿದರು. ಮಾಹಿತಿದಾರರ ಗೌಪ್ಯತೆ ಕಾಪಾಡಿಲ್ಲ ಎಂದು ಅರ್ಜಿ ವಾಪಸ್ ಬಂತು. ಒಂದು ವರ್ಷ ಹೋಯಿತು. ಒಂದು ವರ್ಷ ಅಂದರೆ ಸರ್ ಲೆಕ್ಕದಲ್ಲಿ ಎಷ್ಟು ಎಂದು ಆ ಕಾಗದ ಬರೆದವರಿಗೆ ಹೇಗೆ ತಿಳಿಯಬೇಕು.

ಮರು ವರ್ಷ ಬೇರೆ ದಾರಿ ಇರಲಿಲ್ಲ. ಹೆಸರು ತೆಗೆದು ಮುತ್ಯಾನನ್ನು ಒಂದನೇ ವ್ಯಕ್ತಿ, ಮುಂದಿನವರನ್ನು ಎರಡನೇ ವ್ಯಕ್ತಿ ಎಂದು ಬರೆದೆವು. ಮುತ್ಯಾನಿಗೆ ಹೇಳದೆ ಇರಲು ಸರ್ ಮನಸ್ಸು ಒಪ್ಪಲಿಲ್ಲ. ಮತ್ತೆ ಶಲವಡಿಗೆ ಹೋಗಿ, ಅವನ ಮುಂದೆ ತಲೆ ತಗ್ಗಿಸಿ ಹೇಳಿದರು. ನಾನು ಏಳಲು ಚಪ್ಪಲಿ ಹುಡುಕುತ್ತಿದ್ದೆ.

"ಎರಡನೇದಾಂವ ಯಾರು?"

"ದೊಡ್ಡಮನಿ ಗೌಡ್ರು," ಅಂದರು ಸರ್.

ಮುತ್ಯಾ ಹೆಬ್ಬೆರಳು ಮುಂದೆ ಮಾಡಿದ. "ತರ್ರಿ ಮತ್ತ, ಮಸಿ ಎಲ್ಲೈತಿ?"

೩. ಸೋಮವಾರ ಬಂದ ಮೇಡಂ

ಮೂರನೇ ಅರ್ಜಿಗೆ ಹೊರದೇಶದ ಒಬ್ಬ ಪ್ರೊಫೆಸರ್ ಬೆಂಬಲ ಬೇಕಿತ್ತು. ಸರ್ ಪತ್ರ ಬರೆದು ಬರೆದು ಒಬ್ಬ ಮೇಡಂ ಒಪ್ಪಿದರು. ಅವರು ಯಾವುದೋ ಸಮ್ಮೇಳನಕ್ಕೆ ಧಾರವಾಡಕ್ಕೆ ಬರುವವರಿದ್ದರು. ಒಂದು ದಿನ ಬಿಡುವಿದೆ, ತೆರೆದ ಹಗೇವು ಕಣ್ಣಾರೆ ನೋಡಬೇಕು ಅಂದರು. ಜೋಳ ಇರುವ ಹಗೇವು ಮುತ್ಯಾನ ಊರಿನಲ್ಲಿ ಒಂದೇ ಉಳಿದಿತ್ತು. ಎಲ್ಲ ನಿಕ್ಕಿಯಾಯಿತು. ನಾನು ಉತ್ಸಾಹದಲ್ಲಿ ವಾರ ನೋಡಿರಲಿಲ್ಲ, ಸರ್ ಆಸ್ಪತ್ರೆ ತಿರುಗಾಟದಲ್ಲಿ ನೋಡಿರಲಿಲ್ಲ.

ಮೇಡಂ ಕಾರಿನಿಂದ ಇಳಿದು ಹಗೇವಿನ ಹತ್ತಿರ ಬಂದರು. ಮುತ್ಯಾ ಇಸ್ತ್ರಿ ಮಾಡಿದ ಅಂಗಿ ಹಾಕಿ, ಹಣೆ ತುಂಬ ಭಸ್ಮ ಹಚ್ಚಿ ನಿಂತಿದ್ದ. ಹಗ್ಗ ಇಲ್ಲ, ಸಲಿಕೆ ಇಲ್ಲ.

"ಇವತ್ತು ಸೋಮವಾರರಿ ಸರ, ಬಸವಣ್ಣನ ವಾರ. ಎತ್ತಿನ ಕೊಳ್ಳಿಗೆ ನೊಗ ಇಡಂಗಿಲ್ಲ. ಹಗೇವ ಹೆಂಗ ತಗೀಲಿ?"

"ಅವರು ನಾಳೆ ವಿಮಾನ ಹತ್ತಬೇಕು ಮುತ್ಯಾ."

"ಹತ್ತಲಿ. ನಾನೇನು ಬ್ಯಾಡ ಅಂದೇನೇನು? ಮಂಗಳವಾರ ಮಾಡಿ ಬರ್ರಿ ಅಂತ ಹೇಳಬೇಕಿತ್ತು."

ಅಲ್ಲಿಗೆ ಮಾತು ಮುಗಿಯಿತು. ಮೇಡಂ ಮುಚ್ಚಿದ ಹಗೇವಿನ ಬಾಯಿಗಲ್ಲಿನ ಪಕ್ಕದಲ್ಲೇ ಕಂಬಳಿ ಹಾಸಿಕೊಂಡು ಮಧ್ಯಾಹ್ನದವರೆಗೆ ಕೂತರು. ಮುತ್ಯಾ ನೆಲದ ಮೇಲೆ ಕೋಲಿನಿಂದ ಗೆರೆ ಎಳೆದು ಒಳಗಿನ ಆಕಾರ ತೋರಿಸಿದ, ಸರ್ ಹೇಳಿದರು, ನಾನು ಇಂಗ್ಲಿಷ್ ಮಾಡಿದೆ. ಹಗೇವಿನ ಮನೆಯ ಸೊಸೆ ಅದರಿಂದ ಹಿಂದೆ ತೆಗೆದಿಟ್ಟಿದ್ದ ಜೋಳದ ರೊಟ್ಟಿ, ಬದನೇಕಾಯಿ ಎಣಗಾಯಿ, ಶೇಂಗಾ ಹಿಂಡಿ ತಂದಿಟ್ಟಳು. ಹಗೇವಿನ ಜೋಳಕ್ಕೆ ಒಂದು ಬಗೆಯ ನೆಲದ ವಾಸನೆ ಇರುತ್ತದೆ, ರೂಢಿ ಇಲ್ಲದವರಿಗೆ ಸೇರುವುದಿಲ್ಲ. ಮೇಡಂ ಎರಡು ರೊಟ್ಟಿ ತಿಂದರು.

ನಾನು ನೋಡುತ್ತಿದ್ದದ್ದು ಸರ್ ಅವರನ್ನು. ಬಿಸಿಲಿಗೆ ಗೋಡೆ ಹಿಡಿದು ನಿಂತಿದ್ದರು, ಬೂಟು ಕಳಚಿದ್ದರು. ಪಾದಗಳು ಉಬ್ಬಿ ಕಾಲುಚೀಲದ ಗುರುತು ಆಳವಾಗಿ ಮೂಡಿತ್ತು. ಮೇಡಂ ಕಣ್ಣಿಗೂ ಅದು ಬಿತ್ತು. ನಿಮ್ಮ ಸ್ನೇಹಿತರಿಗೆ ಆರಾಮ ಇದೆಯೇ ಎಂದು ನನ್ನನ್ನು ಪಕ್ಕಕ್ಕೆ ಕರೆದು ಕೇಳಿದರು. ಪ್ರಯಾಣದ ಆಯಾಸ ಅಂದೆ. ಕಾಯಿಲೆಯವರಿಗೆ ಯಾರು ಹಣ ಕೊಡುತ್ತಾರೆ ಎಂಬ ಹೆದರಿಕೆ ನನಗೆ. ಅಣ್ಣಿಗೇರಿಯಿಂದ ಶಲವಡಿಗೆ ಎಂಥ ಪ್ರಯಾಣ, ಎಂಥ ಆಯಾಸ.

ಹೊರಡುವಾಗ ಮೇಡಂ ಮುತ್ಯಾನ ಕೈ ಕುಲುಕಿ, ಒಳಗೆ ಏನಿದೆ ಎಂದು ನೋಡಲಾಗಲಿಲ್ಲವಲ್ಲ ಎಂದು ಬೇಸರ ಪಟ್ಟರು. ನಾನು ಹೇಳಿದೆ. ಮುತ್ಯಾನಿಗೆ ಆಶ್ಚರ್ಯವಾಯಿತು.

"ಇಷ್ಟೊತ್ತನಕ ತಿಂದದ್ದೇನ್ರಿ ಮತ್ತ? ಹೊಟ್ಟಿಯೊಳಗ ಹೊತಗೊಂಡು ಹೊಂಟಾರ, ನೋಡಲಿಲ್ಲ ಅಂತಾರ."

ಮೇಡಂ ಬೆಂಬಲ ಪತ್ರ ಬರೆದರು. ಪತ್ರ ಚೆನ್ನಾಗಿಯೇ ಇತ್ತು. ಆದರೆ ಪ್ರತ್ಯಕ್ಷ ಪರಿಶೀಲನೆ ಮಾಡಿದ್ದೀರಾ ಎಂಬ ಕಡೆ, ಅವರು ಬಹಳ ಪ್ರಾಮಾಣಿಕರು, "ರುಚಿಯ ಮೂಲಕ" ಎಂದು ಬರೆದಿದ್ದರು. ಆ ವರ್ಷವೂ ಆಗಲಿಲ್ಲ.

೪. ಮಾಳಿಗೆಯ ಮೇಲಿನ ಸಂದರ್ಶನ

ನಾಲ್ಕನೇ ವರ್ಷ ಸರ್ ವಾರಕ್ಕೆ ಎರಡು ಸಲ ಹುಬ್ಬಳ್ಳಿಗೆ ಡಯಾಲಿಸಿಸ್ಸಿಗೆ ಹೋಗತೊಡಗಿದ್ದರು. ಅದೇ ವರ್ಷ ಅರ್ಜಿ ಮೊದಲ ಸುತ್ತು ದಾಟಿತು. ವಿಡಿಯೋ ಸಂದರ್ಶನ, ಮಧ್ಯಾಹ್ನ ಮೂರು ಗಂಟೆಗೆ. ಅವರ ಮನೆಯಲ್ಲಿ ನೆಟ್‌ವರ್ಕ್ ಸಿಗುವುದು ಮಾಳಿಗೆಯ ಮೇಲೆ ಮಾತ್ರ. ಅಲ್ಲಿ ಮೆಣಸಿನಕಾಯಿ ಒಣಹಾಕಿದ್ದರು. ಒಂದು ಮೂಲೆಯ ಕಾಯಿ ಬಳಿದು ಸರಿಸಿ, ಟೇಬಲ್ ಇಟ್ಟು, ಮೇಲೆ ಚಾದರ ಕಟ್ಟಿ ನೆರಳು ಮಾಡಿದೆವು.

ಸರ್ ಹೆಂಡತಿಯನ್ನು ನಾನು ಭಾಭಿ ಅನ್ನುತ್ತೇನೆ. ಭಾಭಿ ಬಾಜು ಮನೆಯವಳಿಗೆ ಒಂದೇ ಒಂದು ಮಾತು ಹೇಳಿದ್ದರಂತೆ, ಪರದೇಶದವರು ಇವರನ್ನು ನೋಡಲು ಬರುತ್ತಿದ್ದಾರೆ ಎಂದು. ನಮ್ಮಲ್ಲಿ ಯಾರಾದರೂ ನೋಡಲು ಬಂದರೆ ಮನೆಯವರನ್ನು ಒಂಟಿ ಬಿಡುವ ಪದ್ಧತಿ ಇಲ್ಲ. ಎರಡೂವರೆಗೆ ಓಣಿಯ ಹಿರಿಯರು ಒಗೆದ ಬಟ್ಟೆ ಹಾಕಿಕೊಂಡು ಮಾಳಿಗೆ ಹತ್ತಿದರು. ಎದುರು ಮನೆ ಅಜ್ಜಾವರು ವಿಭೂತಿ ಹಚ್ಚಿಕೊಂಡು ಬಂದರು, ಹಿಂದಿನ ಮನೆ ಕಾಕಾ ಟೋಪಿ ಹಾಕಿಕೊಂಡು ಬಂದರು. ಹೆಂಗಸರು ಅವಲಕ್ಕಿ ತಟ್ಟೆ ಹಿಡಿದು ನಿಂತರು. ಎಲ್ಲರೂ ಲ್ಯಾಪ್‌ಟಾಪ್ ಹಿಂದೆ, ಸಾಲಾಗಿ, ಸದ್ದಿಲ್ಲದೆ.

ಪರದೆಯ ಮೇಲೆ ಮೂರು ಮುಖ ಬಂದವು. ಮೊದಲ ಪ್ರಶ್ನೆ, ಈ ಸಂದರ್ಶನದಲ್ಲಿ ನೀವು ಒಬ್ಬರೇ ಇದ್ದೀರಿ ತಾನೆ. ಸರ್ ಸುಳ್ಳು ಹೇಳುವವರಲ್ಲ. ಲ್ಯಾಪ್‌ಟಾಪನ್ನು ಮೆಲ್ಲಗೆ ಒಂದು ಸುತ್ತು ತಿರುಗಿಸಿದರು. ಇಪ್ಪತ್ತು ಮಂದಿ ಒಮ್ಮೆಲೇ ಕೈ ಮುಗಿದರು, ಕಾಕಾ ಸಲಾಂ ಮಾಡಿದರು. ಬಾಜು ಮನೆಯವಳು ಅವಲಕ್ಕಿ ತಟ್ಟೆಯನ್ನು ಪರದೆಗೆ ತಾಗುವಷ್ಟು ಮುಂದೆ ಹಿಡಿದು, "ಮೊದಲ ತಗೋರಿ, ಆಮ್ಯಾಲ ಮಾತಾಡೂಣು," ಅಂದಳು. ಅವರೂ ನಕ್ಕರು, ಒಳ್ಳೆಯ ಜನ. ಮುಂದುವರಿಸಿ ಅಂದರು.

ಸರ್ ಚೆನ್ನಾಗಿ ಉತ್ತರಿಸಿದರು. ನೆಲದ ಬಗ್ಗೆ ಮಾತಾಡುವಾಗ ಅವರ ಮುಖಕ್ಕೆ ಹಳೆಯ ಬಣ್ಣ ಬಂತು. ಭಾಭಿ ನನ್ನ ಪಕ್ಕ ನಿಂತು ಒಂದೂ ಅರ್ಥವಾಗದೆ ಎಲ್ಲದಕ್ಕೂ ತಲೆ ಆಡಿಸುತ್ತಿದ್ದರು. ಕೊನೆಯ ಪ್ರಶ್ನೆ ಬಂತು: ಇನ್ನು ಐದು ವರ್ಷಕ್ಕೆ ನಿಮ್ಮನ್ನು ನೀವು ಎಲ್ಲಿ ಕಾಣುತ್ತೀರಿ?

ಆ ಪ್ರಶ್ನೆಗೆ ನಾನು ಅರ್ಧ ಪುಟದ ಉತ್ತರ ಬರೆದು ಬಾಯಿಪಾಠ ಮಾಡಿಸಿದ್ದೆ. ಸರ್ ಅದನ್ನು ಹೇಳಲಿಲ್ಲ. ಬಹಳ ಮೃದುವಾಗಿ ಇಂಗ್ಲಿಷಿನಲ್ಲಿ ಹೇಳಿದರು, "ದಯವಿಟ್ಟು ಎರಡು ವರ್ಷದ್ದು ಕೇಳಿರಿ."

ಪರದೆಯೊಳಗೆ ಮೂವರೂ ಜೋರಾಗಿ ನಕ್ಕರು. ಹಾಸ್ಯ ಪ್ರವೃತ್ತಿಯ ಮನುಷ್ಯ ಎಂದುಕೊಂಡರು. ಅವರು ನಕ್ಕದ್ದು ಕಂಡು, ಕೆಲಸ ಆಯಿತು ಎಂದುಕೊಂಡು ಮಾಳಿಗೆಯ ಮೇಲಿದ್ದವರೆಲ್ಲ ನಕ್ಕರು. ಭಾಭಿಯೂ ನಕ್ಕರು. "ಏನ ಅಂದ್ರಂತ ಅಣ್ಣಾರ?" ಅಂತ ನನ್ನನ್ನು ಕೇಳಿದರು. ಚಲೋ ಹೇಳಿದರು ಅಂದೆ.

ತಿಂಗಳ ನಂತರ ಉತ್ತರ ಬಂತು. ಅರ್ಜಿದಾರರಲ್ಲಿ ಜ್ಞಾನವಿದೆ, ವಿನಯವಿದೆ, ದೂರದೃಷ್ಟಿ ಮಾತ್ರ ಸಾಲದು.

೫. ಒಂದು ಕೈಯಲ್ಲಿ ಬರೆದದ್ದು

ಆ ಉತ್ತರದ ಕೆಳಗೆ ಇನ್ನೊಂದು ಸಾಲಿತ್ತು. "ಅರ್ಜಿಯ ಭಾಷೆ ಬಹಳ ಸೊಗಸಾಗಿದೆ. ಆದರೆ ಅದರಲ್ಲಿ ಅರ್ಜಿದಾರರ ದನಿ ಕೇಳಿಸುವುದಿಲ್ಲ." ನನಗೆ ಮೈಯೆಲ್ಲ ಉರಿಯಿತು. ನಾಲ್ಕು ವರ್ಷ ನಿಘಂಟು ಹಿಡಿದುಕೊಂಡು ಒಂದೊಂದು ಪದ ಆರಿಸಿ ಬರೆದವನು ನಾನು. ಜೋಳ ಕೆಡುವುದಿಲ್ಲ ಎಂದು ಸರ್ ಹೇಳಿದರೆ ಅದನ್ನು ಮೂರು ಸಾಲು ಮಾಡುತ್ತಿದ್ದೆ. ಅರ್ಜಿ ತಿರಸ್ಕಾರವಾದದ್ದು ಸರ್ ಅವರದು. ಸಿಟ್ಟು ಮಾಡಿಕೊಂಡು ಕೂತವನು ನಾನು. ಅವರೇ ನನ್ನನ್ನು ಬಸ್‌ಸ್ಟ್ಯಾಂಡಿಗೆ ಕರೆದುಕೊಂಡು ಹೋಗಿ ಮಿರ್ಚಿ ಭಜಿ ತಿನ್ನಿಸಿದರು. ತಾವು ತಿನ್ನುವಂತಿರಲಿಲ್ಲ, ನಾನು ತಿನ್ನುವುದನ್ನು ನೋಡುತ್ತ ಕೂತರು.

"ನಿಮ್ಮ ಇಂಗ್ಲಿಷ್ ತಿಳಿಯೂವಷ್ಟು ಅವರು ಕಲತಿಲ್ರಿ ಸರ," ಅಂದರು.

ಐದನೇ ವರ್ಷ ಅರ್ಜಿ ಹಾಕುವ ಹೊತ್ತಿಗೆ ನನ್ನನ್ನು ಪರೀಕ್ಷೆಯ ಮೌಲ್ಯಮಾಪನಕ್ಕೆ ಹಾಕಿದರು. ಬೆಳಿಗ್ಗೆಯಿಂದ ಸಂಜೆವರೆಗೆ ಉತ್ತರ ಪತ್ರಿಕೆ. ಸರ್ ನನಗೆ ಹೇಳದೆ, ಡಯಾಲಿಸಿಸ್ ಯಂತ್ರದ ಪಕ್ಕ ಮಲಗಿ, ಮೊಬೈಲಿನಲ್ಲಿ ತಾವೇ ಬರೆದು ಕಳಿಸಿಬಿಟ್ಟರು. ಒಂದು ಕೈಗೆ ಸೂಜಿ ಚುಚ್ಚಿರುತ್ತಿತ್ತು. ಬರೆದದ್ದು ಇನ್ನೊಂದು ಕೈಯ ಹೆಬ್ಬೆರಳಿನಲ್ಲಿ. ಕಳಿಸಿದ ಮೇಲೆ ನನಗೆ ತೋರಿಸಿದರು.

ಓದಿ ನಾನು ಹಣೆ ಚಚ್ಚಿಕೊಂಡೆ. ಮೊದಲ ಸಾಲಿನಲ್ಲೇ ಎರಡು ತಪ್ಪು. ಕನ್ನಡದಲ್ಲಿ ಹೇಳುವುದಾದರೆ ಅದು ಹೀಗಿತ್ತು: "ನಮ್ಮ ಊರುಗಳಲ್ಲಿ ಜನ ಜೋಳವನ್ನು ನೆಲದೊಳಗೆ ಇಟ್ಟರು. ಈಗ ನೆಲ ಒದ್ದೆಯಾಗಿದೆ. ಎಲ್ಲಿ ಇಟ್ಟಿದ್ದರು ಎಂದು ಗೊತ್ತಿರುವವರಿಗೆ ವಯಸ್ಸಾಗಿದೆ. ನನಗೆ ಆರಾಮಿಲ್ಲ. ದಯವಿಟ್ಟು ಬೇಗ ತೀರ್ಮಾನ ಮಾಡಿರಿ."

"ಇದೇನ್ರಿ ಸರ, ತಹಶೀಲ್ದಾರಗ ಬರದಂಗ ಬರದೀರಿ," ಅಂತ ಬೈದೆ. "ಆರಾಮಿಲ್ಲ ಅಂತ ಯಾಕ ಬರದ್ರಿ? ಯಾರು ಕೊಡ್ತಾರ ಇನ್ನ? ಒಂದು ಮಾತು ನನಗ ಹೇಳಬಾರದಿತ್ತೇನು?"

"ಹೋಗ್ಲಿ ಬಿಡ್ರಿ. ಒಂದ ಕೈಯಾಗ ಇಷ್ಟ ಆತು."

ಮನೆಗೆ ಹೋಗಿ ಹೆಂಡತಿಯ ಮುಂದೆಯೂ ಬೈದೆ. ಐದನೇ ಅರ್ಜಿಯನ್ನು ಈ ಮನುಷ್ಯ ಕೈಯಾರೆ ಕೆಡಿಸಿಕೊಂಡ, ಆಯ್ಕೆಯಾದರೆ ನನ್ನ ಹೆಸರು ಬದಲಿಸು ಅಂದೆ.

ಅದು ಆಯ್ಕೆಯಾಯಿತು.

೬. ಕಾರಣ ಆರಿಸಿ

ಆದರೆ ಸರ್ ಅದನ್ನು ನೋಡಲಿಲ್ಲ. ಹೆಸರುಕಾಳಿನ ಸುಗ್ಗಿ ನಡೆದಿತ್ತು, ಕರಿ ಮಣ್ಣು ಮಳೆಗೆ ಅಂಟು ಹಿಡಿದಿತ್ತು. ಅವರನ್ನು ಮಣ್ಣು ಮಾಡಿ ಬಂದ ಹನ್ನೊಂದನೇ ದಿನ ಭಾಭಿ ಮೊಬೈಲು ಹಿಡಿದುಕೊಂಡು ನಮ್ಮ ಮನೆಗೆ ಬಂದರು.

"ಅಣ್ಣಾರ, ಏನೋ ಇಂಗ್ಲಿಷಿನ್ಯಾಗ ಬಂದೈತ್ರಿ. ನೋಡ್ರಿ, ಜರೂರಿ ಇರಬೇಕು."

ನಾನು ಓದಿದೆ. ಅಭಿನಂದನೆಗಳು ಎಂದು ಶುರುವಾಗಿತ್ತು. ನಿಮ್ಮ ಅರ್ಜಿಯ ಸರಳ ಮತ್ತು ನೇರ ಭಾಷೆ ನಮ್ಮನ್ನು ತಟ್ಟಿತು ಎಂದಿತ್ತು. ಭಾಭಿಗೆ ಓದಿ ಹೇಳಿದೆ. ಅವರು ಅಳಲಿಲ್ಲ. ಕುರ್ಚಿಯ ತುದಿಯಲ್ಲಿ ಕೂತು, "ಆತಲ್ರಿ," ಅಂದರು. ಸ್ವಲ್ಪ ಹೊತ್ತಿನ ಮೇಲೆ, "ಅವರಿಗೆ ತಿಳಸ್ರಿ. ಯಾರ ಪತ್ರಕ್ಕೂ ಜವಾಬು ಕೊಡದ ಬಿಟ್ಟವರಲ್ಲ ಇವರು."

ನಾನು ನನ್ನ ಹೆಸರಿನಲ್ಲಿ ಆ ಸಂಸ್ಥೆಗೆ ಬರೆದೆ. ಇಂಥವರು ತೀರಿಕೊಂಡಿದ್ದಾರೆ, ವಿಷಾದ. ಎರಡು ದಿನಕ್ಕೆ ಉತ್ತರ ಬಂತು. ಖಾಸಗಿತನದ ನಿಯಮದ ಪ್ರಕಾರ ಅರ್ಜಿಯ ಬಗ್ಗೆ ಅರ್ಜಿದಾರರ ಜೊತೆ ಮಾತ್ರ ಮಾತಾಡಲು ಸಾಧ್ಯ, ದಯವಿಟ್ಟು ಅವರೇ ಸ್ವತಃ ಪತ್ರ ಬರೆಯುವಂತೆ ತಿಳಿಸಿ.

ತಿಳಿಸುವುದು ಎಲ್ಲಿಗೆ? ಭಾಭಿಯೇ ದಾರಿ ತೋರಿಸಿದರು. "ಅವರ ಫೋನು ಇಲ್ಲೇ ಐತಿ. ನೀವ ಬರೀರಿ."

ಆ ಅಭಿನಂದನೆಯ ಪತ್ರದ ಕೆಳಗೆ ಸ್ವೀಕರಿಸುತ್ತೇನೆ, ಸ್ವೀಕರಿಸುವುದಿಲ್ಲ ಎಂದು ಎರಡು ಗುಂಡಿ. ಸ್ವೀಕರಿಸುವುದಿಲ್ಲ ಒತ್ತಿದೆ. ಕಾರಣ ಆರಿಸಿ ಅಂತ ಬಂತು. ಒಂದೊಂದೇ ಓದಿ ಭಾಭಿಗೆ ಹೇಳಿದೆ. ಇದಕ್ಕಿಂತ ಒಳ್ಳೆಯ ಅವಕಾಶ ಸಿಕ್ಕಿದೆ.

"ಅದು ನಮಗೆಂಗ ಗೊತ್ತರಿ," ಅಂದರು.

ಸಂಸ್ಥೆಯವರು ರಜೆ ಕೊಡುವುದಿಲ್ಲ. ಕುಟುಂಬದವರು ಬಿಡುವುದಿಲ್ಲ.

"ನಾ ಎಲ್ಲೆ ಬಿಟ್ಟಿದ್ದೆ. ಕೇಳಿ ಹೋಗ್ಯಾರೇನು."

ಆರೋಗ್ಯದ ಕಾರಣ. ಪಟ್ಟಿ ಅಷ್ಟೇ. ಸತ್ತವರಿಗೆ ಅದರಲ್ಲಿ ಜಾಗವಿರಲಿಲ್ಲ. ಇದೇ ಹತ್ತಿರದ್ದು ಅಂದುಕೊಂಡು ಆರೋಗ್ಯ ಒತ್ತಿದೆ. ಪರದೆ ಒಂದು ಗಳಿಗೆ ಬೆಳ್ಳಗಾಗಿ, ಹಸಿರು ಅಕ್ಷರದಲ್ಲಿ ಹೊಸ ಮಾತು ಬಂತು. ಆರೋಗ್ಯದ ಕಾರಣವಿದ್ದರೆ ಸ್ಥಳೀಯ ಕೆಲಸವನ್ನು ನಿಧಾನವಾಗಿ ಮುಂದುವರಿಸುತ್ತ ವಿದೇಶ ಪ್ರಯಾಣವನ್ನು ಒಂದು ವರ್ಷ ಮುಂದೂಡಬಹುದು, ಒಪ್ಪಿಗೆಯೇ? ಓದಿ ಹೇಳಿದೆ. ಭಾಭಿ ನನ್ನ ಮುಖ ನೋಡಿದರು. ಸರ್ ಹೋದ ಮೇಲೆ ಮೊದಲ ಸಲ ಅವರಿಗೆ ನಗು ಬಂತು. ಬಂದ ನಗು ನಿಲ್ಲಲಿಲ್ಲ, ಸೆರಗು ಬಾಯಿಗೆ ಒತ್ತಿಕೊಂಡರು, ನನಗೂ ತಡೆಯಲಾಗಲಿಲ್ಲ. ಒಳಗಿನಿಂದ ನನ್ನ ಹೆಂಡತಿ ಓಡಿ ಬಂದಳು, ಇಬ್ಬರಿಗೂ ಏನಾಯಿತೋ ಎಂದು. ಅಷ್ಟರಲ್ಲಿ ಭಾಭಿ ಅಳುತ್ತಿದ್ದರು.

"ಹೂಂ ಅನ್ರಿ ಅಣ್ಣಾರ," ಅಂದರು. "ಒಂದ ವರ್ಷ ಕೊಡತೀನಿ ಅನ್ನಾಕತ್ತಾರ. ಯಾರೂ ಕೊಟ್ಟಿದ್ದಿಲ್ಲ."

ಮಕ್ಕಳಿಗೆ ನಕಲು ಮಾಡಬೇಡಿ ಎಂದು ಹೇಳುವವನು ನಾನು. ಇನ್ನೊಬ್ಬರ ಹೆಸರಿನಲ್ಲಿ ಬರೆಯುವುದು ತಪ್ಪು ಎಂದು ನನಗೆ ಗೊತ್ತು. ಹೂಂ ಒತ್ತಿದೆ.

ಹಣ ಬೇಡ ಎಂದು ಬರೆದೆ, ಬರಲೂ ಇಲ್ಲ. ಬರುವುದು ಎರಡು ತಿಂಗಳಿಗೊಂದು ಪತ್ರ. ಕೆಲಸ ಎಷ್ಟಾಯಿತು, ಬರೆದು ತಿಳಿಸಿ. ಬಂದ ಪತ್ರಕ್ಕೆ ಉತ್ತರ ಕೊಡಬೇಕು, ಕೊಡಲು ಏನಾದರೂ ಆಗಿರಬೇಕು. ಹಾಗಾಗಿ ಭಾನುವಾರ ನಾನು ಮುತ್ಯಾನನ್ನು ಬೈಕಿನ ಹಿಂದೆ ಕೂಡ್ರಿಸಿಕೊಂಡು ಊರೂರು ತಿರುಗುತ್ತೇನೆ. ಮೊರಬ ಆಯಿತು, ಗುಡಗೇರಿ ಕಡೆ ನಡೆದಿದೆ. ಅವನು ಇಲ್ಲಿ ಇತ್ತು ಅಂದಲ್ಲಿ ಇಳಿದು, ಸರ್ ನೋಟ್‌ಬುಕ್ಕಿನಲ್ಲಿ ಗುರುತು ಹಾಕುತ್ತೇನೆ. ನನಗೆ ನಕ್ಷೆ ಬರೆಯಲು ಬರುವುದಿಲ್ಲ, ಉತ್ತರ ದಿಕ್ಕು ಎರಡು ಸಲ ತಪ್ಪಿದೆ. ಆದರೂ ಪುಟ ತುಂಬುತ್ತಿವೆ.

ಕಳೆದ ವಾರ ಬಂದ ಪತ್ರ ಓದಲು ಭಾಭಿಯ ಮನೆಗೆ ಹೋಗಿದ್ದೆ. ಫೋನನ್ನು ಅವರು ದಿನಾ ಚಾರ್ಜಿಗೆ ಹಾಕಿ ಇಟ್ಟಿರುತ್ತಾರೆ. ಪತ್ರ ಸಣ್ಣದು. ನಿಮ್ಮ ಕೆಲಸ ವೇಗವಾಗಿ ಸಾಗುತ್ತಿರುವುದು ಕಂಡು ಸಂತೋಷವಾಯಿತು, ಆರೋಗ್ಯ ಸುಧಾರಿಸಿದೆ ಎಂದು ಭಾವಿಸಬಹುದೇ?

ನಾನು ಓದಿ ಹೇಳಿ, ನಗಬೇಕೋ ಬೇಡವೋ ತಿಳಿಯದೆ ಅವರ ಮುಖ ನೋಡಿದೆ. ಏನು ಬರೆಯಲಿ ಎಂದು ಕೇಳಿದೆ. ಭಾಭಿ ಫೋನಿನ ಗಾಜನ್ನು ಸೆರಗಿನಿಂದ ಒರೆಸಿ ನನ್ನ ಕೈಗೆ ಕೊಟ್ಟರು.

"ಹೌದಂತ ಬರೀರಿ ಅಣ್ಣಾರ. ಈಗ ಏನೂ ನೋವಿಲ್ಲಲ್ರಿ ಅವರಿಗೆ."

ನಾನು ಹಾಗೇ ಬರೆದು ಕಳಿಸಿದೆ.